ನಕಲೂ ಅಧಿಕಾರವೂ: ಯೂನಿಕ್ಸ್ ಮೂಲದ ಒಂದು ಭಾಗದ ವಿಮರ್ಶೆ

ಜಾನ್ ಲಯನ್ಸ್ ಎಂಬ ಅಧ್ಯಾಪಕರು 1977ರಲ್ಲಿ ಯೂನಿಕ್ಸ್ ಕಾರ್ಯವ್ಯವಸ್ಥೆಯ ಆರನೆಯ ಆವೃತ್ತಿಗೆ ವ್ಯಾಖ್ಯಾನವನ್ನು ರಚಿಸಿ, ಯಂತ್ರಕ್ಕಾಗಿ ಬರೆದುದನ್ನೂ ಗ್ರಂಥದಂತೆ ಪಂಕ್ತಿ ಪಂಕ್ತಿಯಾಗಿ ಓದಬಹುದೆಂದು ತೋರಿಸಿಕೊಟ್ಟರು. ಆ ಮೂಲದಲ್ಲಿ ‘ಕಾಪಿಇನ್’, ‘ಕಾಪಿಔಟ್’ ಎಂಬ ಎರಡು ಕಿರುಭಾಗಗಳುಂಟು. ಬಳಕೆದಾರನ ಸ್ಮೃತಿಭಾಗದಲ್ಲಿರುವ ದತ್ತಾಂಶವನ್ನು ವ್ಯವಸ್ಥೆಯ ಗರ್ಭವಾದ ಕರ್ನೆಲ್ಲಿನ ಸ್ಮೃತಿಗೆ ತರುವುದು ಮೊದಲನೆಯದರ ಕೆಲಸ. ಅಲ್ಲಿಂದ ಹಿಂದಕ್ಕೆ ಒಯ್ಯುವುದು ಎರಡನೆಯದರದು.

ಹೆಸರನ್ನು ನೋಡಿದರೆ ಇವು ಬರಿಯ ನಕಲೆಂದು ತೋರುವುವು. ಆದರೆ ಇವುಗಳ ಸಾರವಿರುವುದು ನಕಲಿನಲ್ಲಲ್ಲ, ಯಾರ ಅಧಿಕಾರದಿಂದ ನಕಲಾಗುವುದೆಂಬುದರಲ್ಲಿ. ಪಿಡಿಪಿ-11 ಯಂತ್ರದ ‘ಎಂಎಫ್‌ಪಿಐ’ ಎಂಬ ಆಜ್ಞೆಯು ಬಳಕೆದಾರನ ವಿಳಾಸನಕ್ಷೆಯ ಮೂಲಕವೇ ಓದುವುದು. ಅವನಿಗೆ ನಿಷಿದ್ಧವಾದುದು ಆ ದಾರಿಯಲ್ಲಿ ಕರ್ನೆಲ್ಲಿಗೂ ನಿಷಿದ್ಧವೇ. ವಿಳಾಸವು ತಪ್ಪಾಗಿದ್ದರೆ ವ್ಯವಸ್ಥೆಯು ಕುಸಿಯದೆ, -1 ಎಂಬ ಉತ್ತರ ಮಾತ್ರ ಬರುವುದು.

ಎಕ್ಸ್86 ಯಂತ್ರಗಳ ಲಿನಕ್ಸಿನಲ್ಲಿ ಈ ಐಕ್ಯವು ಒಡೆಯಿತು. ಅಲ್ಲಿ ನಕಲು ಮಾಡುವುದು ಸಾಧಾರಣ ಆಜ್ಞೆಯೇ; ವಿಳಾಸವು ಬಳಕೆದಾರನದೇ ಎಂಬ ಪರೀಕ್ಷೆಯಾದರೋ ‘ಆಕ್ಸೆಸ್_ಓಕೆ’ ಎಂಬ ಬೇರೊಂದು ಮಾತಾಯಿತು. ಬೇರೆಯಾದ ಮಾತನ್ನು ಮರೆಯಲು ಸಾಧ್ಯ. 2017ರಲ್ಲಿ 4.13ನೆಯ ಆವೃತ್ತಿಯ ‘ವೇಟ್‌ಐಡಿ’ ಎಂಬ ಭಾಗದಲ್ಲಿ ಆ ಪರೀಕ್ಷೆ ಬಿಟ್ಟುಹೋದುದರಿಂದ, ಸಾಮಾನ್ಯ ಬಳಕೆದಾರನು ಕರ್ನೆಲ್ಲಿನ ಸ್ಮೃತಿಯ ಮೇಲೆಯೇ ಬರೆಯಿಸಲು ಅವಕಾಶವಾಯಿತು.

ಹಳೆಯ ಕ್ರಮವು ಪ್ರತಿಯೊಂದು ಪದವನ್ನೂ ಸ್ಟ್ಯಾಕಿನ ಮೂಲಕ ಸಾಗಿಸುತ್ತಿದ್ದಿತು. ಅದು ನಿಧಾನವೆಂಬ ಆಕ್ಷೇಪವು ನ್ಯಾಯವೇ. ಆದರೂ ಬರೆಯುವವನ ಜ್ಞಾಪಕಶಕ್ತಿಯನ್ನು ನಂಬಿ ನಿಲ್ಲುವ ರಚನೆಗಿಂತ, ಮರೆವಿಗೆ ಎಡೆಗೊಡದ ರಚನೆಯೇ ಮೇಲೆಂದು ನಮ್ಮ ಅಭಿಪ್ರಾಯ.