ಕೃಶೋತ್ಪಾದನೆ ಮತ್ತು ಅಧಿಕಾರಿವಿಚಾರ

ಶಾಸ್ತ್ರಗ್ರಂಥವು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಆದಿಯಲ್ಲಿಯೇ ಸೂಚಿಸಬೇಕೆಂಬುದು ಪ್ರಾಚೀನರ ಮರ್ಯಾದೆ. ಇಲ್ಲಿ ಅಧಿಕಾರಿಯೆಂದರೆ ಆಳುವವನಲ್ಲ. ಆ ಶಾಸ್ತ್ರವನ್ನು ಆಚರಣೆಗೆ ತರಲು ಅರ್ಹತೆಯುಳ್ಳವನು. ವೋಮ್ಯಾಕ್, ಜೋನ್ಸ್, ರೂಸ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ‘ದಿ ಮೆಷಿನ್ ದಟ್ ಚೇಂಜ್ಡ್ ದಿ ವರ್ಲ್ಡ್’ ಎಂಬ ಗ್ರಂಥವನ್ನು ಈ ಒರೆಗಲ್ಲಿಗೆ ಹಚ್ಚಿದರೆ, ಮೊದಲ ಮೂರು ಅನುಬಂಧಗಳು ತಿಳಿಯಾಗಿ ಕಾಣುತ್ತವೆ. ನಾಲ್ಕನೆಯದು ಮಾತ್ರ ತನಗೆ ಸಲ್ಲತಕ್ಕ ಸ್ಥಾನದಲ್ಲಿಲ್ಲ.

ಗ್ರಂಥದ ವಿಷಯವು ಜಪಾನಿನ ಟೊಯೋಟ ಸಂಸ್ಥೆಯಲ್ಲಿ ಬೆಳೆದ ಉತ್ಪಾದನಾಕ್ರಮ. ಬೇಕಾದ ಭಾಗವು ಬೇಕಾದ ಹೊತ್ತಿಗೆ ಬೇಕಾದಷ್ಟೇ ಬರಬೇಕು. ದೋಷವನ್ನು ಕಂಡ ಕೆಲಸಗಾರನೇ ಹಗ್ಗವನ್ನೆಳೆದು ಜೋಡಣೆಯ ಸಾಲನ್ನು ನಿಲ್ಲಿಸಬಹುದು. ಇದಕ್ಕೆ ‘ಲೀನ್’ ಎಂದು 1988ರಲ್ಲಿ ಹೆಸರಿಟ್ಟವರು ಜಾನ್ ಕ್ರಾಫ್ಸಿಕ್. ಈ ಆಂಗ್ಲಪದಕ್ಕೆ ಕೃಶವೆಂದರ್ಥ. ಸಂಸ್ಕೃತದ ‘ಲೀನ’ ಶಬ್ದದೊಡನೆ ಇದಕ್ಕೆ ನಂಟಿಲ್ಲ. ಚರಕನಾದರೋ ಅತಿಕೃಶನನ್ನು ನಿಂದಿತಶರೀರಿಗಳಲ್ಲಿ ಎಣಿಸಿದ್ದಾನೆ. ಆಳುಗಳನ್ನು ಕಡಿತಗೊಳಿಸುವುದೇ ಈ ಕ್ರಮವೆಂದು ಬಗೆದ ಒಡೆಯರು ಆ ಎಣಿಕೆಗೆ ಸೇರತಕ್ಕವರು.

ಕೃಶೋತ್ಪಾದನೆಯ ತತ್ತ್ವಗಳು ಜಗತ್ತಿನ ಎಲ್ಲ ಉದ್ಯಮಗಳಿಗೂ ಸಮಾನವಾಗಿ ಅನ್ವಯಿಸುತ್ತವೆಂಬುದು ಗ್ರಂಥಕರ್ತರ ಪ್ರತಿಜ್ಞೆ. ಅದಕ್ಕೆ ಅವರು ಕೊಡುವ ಬಲವಾದ ದೃಷ್ಟಾಂತವು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕಾರ್ಖಾನೆ. ಜನರಲ್ ಮೋಟರ್ಸ್ ಸಂಸ್ಥೆಯು 1982ರಲ್ಲಿ ಮುಚ್ಚಿದ ಇದು, 1984ರಲ್ಲಿ ಟೊಯೋಟದ ಪಾಲುಗಾರಿಕೆಯಿಂದ ‘ನುಮ್ಮಿ’ ಎಂಬ ಹೆಸರಿನಲ್ಲಿ ತೆರೆದು, 2010ರವರೆಗೆ ನಡೆಯಿತು. 1987ರಲ್ಲಿ ಇಲ್ಲಿ ಒಂದು ಕಾರಿನ ಜೋಡಣೆಗೆ 19 ಗಂಟೆಗಳು ಹಿಡಿಯುತ್ತಿದ್ದುವು, ನೂರು ಕಾರುಗಳಿಗೆ 45 ದೋಷಗಳು. ಅದೇ ಸಂಸ್ಥೆಯ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ 1986ರಲ್ಲಿ 31 ಗಂಟೆಗಳು, 135 ದೋಷಗಳು.

ದೃಷ್ಟಾಂತವು ಸತ್ಯವೇ, ಆದರೆ ಅದು ಸಾಧಿಸುವುದೇನನ್ನು? ನುಮ್ಮಿಯ ಕೆಲಸಗಾರರಲ್ಲಿ ಬಹುಪಾಲು ಹಳೆಯವರೇ, ಸಂಘವೂ ಹಳೆಯದೇ. ಆದುದರಿಂದ ಅರ್ಹತೆಯ ಕೊರತೆ ಕೆಲಸಗಾರನಲ್ಲಿ ಇದ್ದಿಲ್ಲವೆಂಬುದು ಸಿದ್ಧ. ಬದಲಾದುದು ಅವರನ್ನು ನಡೆಸಿಕೊಂಡ ಬಗೆ. ಕೆಲಸದಿಂದ ಬಿಡಿಸುವುದಕ್ಕೆ ಮೊದಲು ಮೇಲಿನವರ ಸಂಬಳವನ್ನೇ ಇಳಿಸುವುದಾಗಿ 1985ರ ಒಪ್ಪಂದದಲ್ಲಿ ಆಡಳಿತವು ಮಾತು ಕೊಟ್ಟಿತು. ಮಾರಾಟ ಕುಗ್ಗಿದಾಗಲೂ ಆಳುಗಳನ್ನು ಹೊರಹಾಕದೆ ಶಿಕ್ಷಣಕ್ಕೆ ಕಳುಹಿಸಿತು. ಈ ಅಭಯವಿಲ್ಲದೆಡೆಯಲ್ಲಿ ಹಗ್ಗವು ತೂಗಾಡುವುದೇ ಹೊರತು ಅದನ್ನೆಳೆಯುವ ಕೈ ಇರುವುದಿಲ್ಲ. ಅದೇ ಪ್ರಾಂತದ ವಾನ್ ನೈಸ್ ಕಾರ್ಖಾನೆಗೆ ತಂಡಪದ್ಧತಿಯನ್ನು ತಂದಾಗ ಕೆಲಸಗಾರರ ಸಂಘವೇ ಎರಡಾಗಿ ಒಡೆಯಿತು. 1992ರಲ್ಲಿ ಅದು ಮುಚ್ಚಿದುದಕ್ಕೆ ಬೇರೆ ಕಾರಣಗಳೂ ಇದ್ದುವೆನ್ನುವುದು ನ್ಯಾಯ.

ಗ್ರಂಥಕರ್ತರು ಇದನ್ನು ಅರಿಯದವರಲ್ಲ. ಪರಸ್ಪರ ಹೊಣೆಯ ಭಾವವಿದ್ದಲ್ಲಿ ಮಾತ್ರ ಕೆಲಸಗಾರನು ಓಗೊಡುವನೆಂದು ಕಾರ್ಖಾನೆಯ ನಡೆವಳಿಯನ್ನು ಕುರಿತ ಅಧ್ಯಾಯದಲ್ಲಿ ಅವರೇ ಒಪ್ಪುತ್ತಾರೆ. 1950ರ ಕಲಹದಲ್ಲಿ ಟೊಯೋಟದ ಅಧ್ಯಕ್ಷ ಕೀಚಿರೋ ಟೊಯೋಡ ಪದತ್ಯಾಗ ಮಾಡಿದುದನ್ನೂ, ಉಳಿದ ಕೆಲಸಗಾರರಿಗೆ ಜೀವನಪರ್ಯಂತ ಉದ್ಯೋಗದ ಭರವಸೆ ದೊರೆತುದನ್ನೂ ಅವರೇ ವರ್ಣಿಸಿದ್ದಾರೆ. ಆದರೆ ಅದನ್ನು ಇತಿವೃತ್ತವಾಗಿ ಹೇಳಿ ಮುಂದೆ ಸಾಗಿದರು. ಅಧಿಕಾರಿಲಕ್ಷಣವಾಗಿ ಆದಿಯಲ್ಲಿಯೇ ನಿರೂಪಿಸಬೇಕಾಗಿದ್ದಿತು.