ಗರಗರ ನಿಲ್ಲಿಸುವ ಕೈ

ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದರೆ ಉಡುಪಿ, ಕಾಪು, ಕಾರ್ಕಳದ ಮೈಕ್‌ಸೆಟ್ಟಿನವರಿಗೆ ರಿಪೇರಿಯ ಬಿಡುವು. ಹಳೆಯ ಅನಲಾಗ್ ಮಿಕ್ಸರಿಗೆ ಕರಾವಳಿಯಲ್ಲಿ ಉಪ್ಪುಗಾಳಿಯೇ ವೈರಿ. ಭಾಗವತರ ಮೈಕಿನ ನಾಬ್ ತಿರುಗಿಸಿದಾಗ ‘ಗರಗರ’ ಎಂದರೆ ಒಳಗಿನ ಇಂಗಾಲದ ಪಟ್ಟಿಯಲ್ಲಿ ಕೊಳೆ ಕೂತಿದೆ. ಕ್ಲೀನರ್ ಸಿಂಪಡಿಸಿ ಹತ್ತಿಪ್ಪತ್ತು ಸಲ ತಿರುಗಿಸಿದರೆ ಹೆಚ್ಚಾಗಿ ಸರಿಹೋಗುತ್ತದೆ. ಎಲ್ಲ ಚಾನೆಲ್ಲಿನಲ್ಲೂ ‘ಗುಂಯ್’ ಎಂದರೆ ಪವರ್ ಸಪ್ಲೈಯ ಕೆಪಾಸಿಟರ್ ಒಣಗಿರಬಹುದು: 50 ಹರ್ಟ್ಸ್ ಕರೆಂಟು ಡಯೋಡ್ ದಾಟಿ 100 ಹರ್ಟ್ಸಿನ ಗುಂಗಾಗಿ ಚೆಂಡೆ ಮದ್ದಳೆಗಳ ನಡುವೆ ನುಸುಳುತ್ತದೆ. ಒಂದೇ ಚಾನೆಲ್ ಸತ್ತಿದ್ದರೆ ಪಕ್ಕದ ಜೀವಂತ ಚಾನೆಲ್ಲೇ ನಕ್ಷೆ. ಎರಡರಲ್ಲೂ ಅದೇ ಜಾಗದ ವೋಲ್ಟೇಜ್ ಅಳೆದು ಹೋಲಿಸುತ್ತಾ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ. ಈ ಕಸುಬಿನಲ್ಲಿ ಕಿವಿಯೇ ಮೊದಲ ಮೀಟರ್. ಗುಜರಿಗೆ ಹಾಕುವ ಮುಂಚೆ, ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ ಒಮ್ಮೆ ನೋಡಿ.