ಕೋಣೆಗಿಂತ ಮೊದಲು ಕಡಲು

ಕೆರಿಬಿಯನ್ ರೆಸಾರ್ಟ್‌ಗಳ ಜಾಹೀರಾತುಗಳಲ್ಲಿ ಎಲ್ಲ ದ್ವೀಪಗಳೂ ಒಂದೇ ಥರ ಕಾಣುತ್ತವೆ: ಬಿಳಿ ಮರಳು, ಬಾಗಿದ ತೆಂಗು, ಕನ್ನಡಿಯಂಥ ನೀರು. ಮಕ್ಕಳೊಂದಿಗೆ ಹೊರಡುವವರು ಕೋಣೆಯ ಅಂದಚೆಂದಕ್ಕೆ ಮರುಳಾಗುವ ಮುನ್ನ ನಕ್ಷೆ ಬಿಡಿಸಿ, ಆ ಕಿನಾರೆ ದ್ವೀಪದ ಯಾವ ಮಗ್ಗುಲಿಗಿದೆ ಎಂದು ನೋಡುವುದು ಮೇಲು.

ಅಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದ ಬೀಸುತ್ತವೆ. ಬಾರ್ಬಡೋಸ್‌ನ ಪೂರ್ವ ತೀರದ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಅಲೆಗಳು ಹೆಬ್ಬಂಡೆಗಳಿಗೆ ಅಪ್ಪಳಿಸುತ್ತವೆ. ಸರ್ಫಿಂಗ್ ಮಾಡುವವರಿಗೆ ಅದು ಹಬ್ಬ, ಈಜುವವರಿಗೆ ಅಪಾಯ. ಕಾರಿನಲ್ಲಿ ದ್ವೀಪ ದಾಟಿ ಪಶ್ಚಿಮದ ಹೋಲ್‌ಟೌನ್‌ಗೆ ಬಂದರೆ ಕಡಲು ಕೆರೆಯಂತೆ ಮಲಗಿರುತ್ತದೆ. ದುಬಾರಿ ಹೋಟೆಲುಗಳು ಇದೇ ಬದಿಗೆ ಸಾಲುಗಟ್ಟಿರುವುದು ಸುಮ್ಮನೆ ಅಲ್ಲ.

2011ರಿಂದೀಚೆಗೆ ಇನ್ನೊಂದು ಕಾಟವೂ ಸೇರಿಕೊಂಡಿದೆ. ಸರ್ಗ್ಯಾಸಮ್ ಎಂಬ ಕಂದು ಪಾಚಿ ರಾಶಿರಾಶಿಯಾಗಿ ತೇಲಿಬಂದು, ಹೆಚ್ಚಾಗಿ ಪೂರ್ವಕ್ಕೆ ಮುಖಮಾಡಿದ ತೀರಗಳಲ್ಲಿ ಬೀಳುತ್ತದೆ. ಬಿಸಿಲಿಗೆ ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಪುಂಟಾ ಕಾನಾದಂಥ ಹೆಸರಾಂತ ಜಾಗಕ್ಕೂ ಇದು ತಪ್ಪಿಲ್ಲ.

ಚಿಕ್ಕ ಮಕ್ಕಳಿದ್ದರೆ ಟರ್ಕ್ಸ್ ಮತ್ತು ಕೈಕೋಸ್‌ನ ಗ್ರೇಸ್ ಬೇ ಕಿನಾರೆಗೆ ಸಾಟಿ ಕಡಿಮೆ. ಲೆಕ್ಕಕ್ಕೆ ಅದು ಅಟ್ಲಾಂಟಿಕ್‌ನಲ್ಲಿದೆ, ಪ್ರವಾಸಿಗರು ಮಾತ್ರ ಕೆರಿಬಿಯನ್‌ಗೇ ಸೇರಿಸಿಬಿಟ್ಟಿದ್ದಾರೆ. ದಡದಿಂದ ಸುಮಾರು ಒಂದೂವರೆ ಕಿಲೋಮೀಟರ್ ಆಚೆ ಹವಳದ ದಿಬ್ಬ ಗೋಡೆಯಂತೆ ನಿಂತು ಅಲೆಗಳನ್ನು ಅಲ್ಲೇ ಮುರಿಯುತ್ತದೆ. ಸುಣ್ಣಕಲ್ಲಿನ ಈ ದ್ವೀಪಗಳಲ್ಲಿ ನದಿಗಳಿಲ್ಲ, ಹಾಗಾಗಿ ಕೆಸರು ಹರಿದುಬರುವುದಿಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತ ಮಗುವಿಗೆ ತನ್ನ ಕಾಲ್ಬೆರಳುಗಳು ಮರಳಿನ ಮೇಲೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಇಲ್ಲಿನ 'ಬೀಚಸ್' ರೆಸಾರ್ಟ್ ಕುಟುಂಬಗಳಿಗೆಂದೇ ಕಟ್ಟಿದ್ದು. ಊಟ, ವಾಟರ್ ಪಾರ್ಕ್, ಮಕ್ಕಳ ಕ್ಲಬ್ ಎಲ್ಲವೂ ಕೊಟ್ಟ ದರದಲ್ಲೇ ಸೇರಿರುತ್ತವೆ. ಜಮೈಕಾದ ಗಾರ್ಡನ್ ಸ್ಟೀವರ್ಟ್ 1981ರಲ್ಲಿ ಶುರುಮಾಡಿದ 'ಸ್ಯಾಂಡಲ್ಸ್' ಕೂಡ ಇದೇ ಸಂಸ್ಥೆಯದು. ಅದಾದರೋ ಜೋಡಿಗಳಿಗೆ ಮಾತ್ರ, ಮಕ್ಕಳಿಗೆ ಪ್ರವೇಶವೇ ಇಲ್ಲ. ಹೆಸರು ಕೇಳಿ ಆತುರಪಟ್ಟರೆ ಪೇಚು.

ಇನ್ನು ಕಾಲ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಋತು, ದರ ಇಳಿಯುವುದೂ ಆಗಲೇ. 2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್‌ನಲ್ಲಿ ಟಿ20 ವಿಶ್ವಕಪ್ ಗೆದ್ದ ಭಾರತದ ಕ್ರಿಕೆಟ್ ತಂಡ, ಆಗಿನ ಕೋಚ್ ರಾಹುಲ್ ದ್ರಾವಿಡ್ ಸಮೇತ, ಬೆರಿಲ್ ಚಂಡಮಾರುತದಿಂದಾಗಿ ವಿಮಾನ ನಿಲ್ದಾಣ ಮುಚ್ಚಿ ಹೋಟೆಲಿನಲ್ಲೇ ಉಳಿಯಬೇಕಾಯಿತು. ಈ ತಿಂಗಳುಗಳನ್ನು ಬಿಟ್ಟು ಬೇರೆ ಬಿಡುವಿಲ್ಲದ ಮನೆಯವರು ಅರೂಬಾ ನೋಡಬಹುದು. ವೆನೆಜುವೆಲಾದ ಮಗ್ಗುಲಲ್ಲೇ ಇರುವ ಈ ದ್ವೀಪಕ್ಕೆ ಚಂಡಮಾರುತ ತಟ್ಟುವುದು ಅಪರೂಪ. ಪಶ್ಚಿಮದ ಪಾಮ್ ಬೀಚ್‌ನ ನೀರೂ ಶಾಂತ. ಆದರೆ ಅಲ್ಲಿ ಗಾಳಿ ನೆಲದಿಂದ ಕಡಲ ಕಡೆಗೆ ಬೀಸುತ್ತದೆ. ಗಾಳಿ ತುಂಬಿದ ತೆಪ್ಪದ ಮೇಲೆ ಮಗುವನ್ನು ಕೂರಿಸಿ ಕೈಬಿಟ್ಟರೆ ನೋಡನೋಡುತ್ತಲೇ ದೂರ ಸಾಗಿಬಿಡುತ್ತದೆ. ಹಗ್ಗದ ಒಂದು ತುದಿ ಅಪ್ಪನ ಕೈಯಲ್ಲಿರಲಿ.